ಪ್ರಪತ್ತಿ ಮತ್ತು ಮರಣಭಯ

ತನ್ನ ರಕ್ಷಣೆಯ ಹೊಣೆಯನ್ನು ಪೂರ್ತಿಯಾಗಿ ಭಗವಂತನಿಗೆ ಒಪ್ಪಿಸುವ ಮೋಕ್ಷೋಪಾಯಕ್ಕೆ ಪ್ರಪತ್ತಿ ಎಂದು ಹೆಸರು. ಶರಣಾಗತಿ, ನ್ಯಾಸ, ಭರನ್ಯಾಸ ಇದರ ಪರ್ಯಾಯ ನಾಮಗಳು. ಶ್ರೀವೈಷ್ಣವರಲ್ಲಿ ಮರಣಭಯದ ನಿವಾರಣೆಗೂ ಇದೇ ಆಧಾರ.

ಹಿನ್ನೆಲೆ: ಪ್ರಾಣ ಬಿಡುವಾಗ ಯಾವುದನ್ನು ಸ್ಮರಿಸುತ್ತಾನೋ ಅದನ್ನೇ ಜೀವ ಸೇರುತ್ತದೆಂದು ಭಗವದ್ಗೀತೆಯ 8ನೆಯ ಅಧ್ಯಾಯ ಹೇಳುತ್ತದೆ. ಹೀಗಾಗಿ ಭಕ್ತಿಯೋಗಿಗೆ ಅಂತಿಮಸ್ಮೃತಿ ಅನಿವಾರ್ಯ. ಕೊನೆಗಳಿಗೆಯಲ್ಲಿ ಪ್ರಜ್ಞೆ ತಪ್ಪಿದರೆ ಗತಿಯೇನು ಎಂಬ ಅಳುಕು ಸಾವಿನ ಭಯವನ್ನು ಇಮ್ಮಡಿಗೊಳಿಸುತ್ತದೆ. ಇದಕ್ಕೆ ಪ್ರಪತ್ತಿಯ ಉತ್ತರ ವರಾಹ ಚರಮಶ್ಲೋಕವೆಂಬ ಭಗವದ್ವಚನದಲ್ಲಿದೆ. ಮನಸ್ಸು ಸ್ವಸ್ಥವಾಗಿದ್ದಾಗ ತನ್ನನ್ನು ನೆನೆದವನು ಮುಂದೆ ಕಟ್ಟಿಗೆ, ಕಲ್ಲಿನಂತೆ ಬಿದ್ದಿದ್ದರೂ ತಾನೇ ಅವನನ್ನು ನೆನೆದು ಪರಮಗತಿಗೆ ಒಯ್ಯುವುದಾಗಿ ವರಾಹನು ಭೂದೇವಿಗೆ ಮಾತು ಕೊಡುತ್ತಾನೆ. ನೆನೆಯುವ ಹೊಣೆ ಅಲ್ಲಿಗೆ ದೇವರದಾಗುತ್ತದೆ.

ಸ್ವರೂಪ: ದೇವರಿಗೆ ಅನುಕೂಲವಾಗಿ ನಡೆಯುವ ಸಂಕಲ್ಪ, ಪ್ರತಿಕೂಲದ ವರ್ಜನೆ, ಮಹಾವಿಶ್ವಾಸ, ರಕ್ಷಕನಾಗೆಂಬ ಪ್ರಾರ್ಥನೆ, ಕಾರ್ಪಣ್ಯ (ತನ್ನ ಅಸಹಾಯಕತೆಯ ಅರಿವು) ಇವು ಐದು ಅಂಗಗಳು, ತನ್ನನ್ನೇ ಒಪ್ಪಿಸುವ ಆತ್ಮನಿಕ್ಷೇಪವೇ ಅಂಗಿ, ಅಂದರೆ ಪ್ರಧಾನ ಕ್ರಿಯೆ. ಸಂಸಾರವನ್ನು ಕ್ಷಣವೂ ಸಹಿಸದೆ ತಕ್ಷಣ ಬಿಡುಗಡೆ ಬೇಡುವವನು ಆರ್ತಪ್ರಪನ್ನ. ದೇಹಾವಸಾನದವರೆಗೆ ಕಾಯುವವನು ದೃಪ್ತಪ್ರಪನ್ನ. ದೃಪ್ತನಿಗೆ ಪ್ರಾರಬ್ಧದ ನೋವು ತಪ್ಪದು, ಮರುಜನ್ಮದ ಶಂಕೆ ಮಾತ್ರ ಇರದು.

ಆಚಾರ್ಯರು: ರಾಮಾನುಜರ 'ಶರಣಾಗತಿ ಗದ್ಯ' ಈ ಮಾರ್ಗದ ಮುಖ್ಯ ಪಠ್ಯ. ಮುಂದೆ ವೇದಾಂತ ದೇಶಿಕರನ್ನು ಅನುಸರಿಸಿದ ವಡಗಲೆಯವರು ಜೀವಾತ್ಮನ ಕಡೆಯಿಂದ ಒಂದು ವ್ಯಾಜ, ಅಂದರೆ ನೆಪವಾದರೂ ಬೇಕೆಂದರು (ತಾಯಿಯನ್ನು ತಾನೇ ಹಿಡಿದುಕೊಳ್ಳುವ ಕೋತಿಮರಿಯ ಮರ್ಕಟಕಿಶೋರ ನ್ಯಾಯ); ಪಿಳ್ಳೈ ಲೋಕಾಚಾರ್ಯರನ್ನು ಅನುಸರಿಸಿದ ತೆಂಗಲೆಯವರು ಕೃಪೆಯೊಂದೇ ಸಾಕೆಂದರು (ತಾಯಿಯೇ ಕಚ್ಚಿ ಒಯ್ಯುವ ಬೆಕ್ಕಿನಮರಿಯ ಮಾರ್ಜಾಲಕಿಶೋರ ನ್ಯಾಯ).

14ನೆಯ ಶತಮಾನದಲ್ಲಿ ಶ್ರೀರಂಗದ ಮೇಲೆ ದೆಹಲಿಯ ಸೇನೆ ನುಗ್ಗಿದಾಗ ಲೋಕಾಚಾರ್ಯರು, ದೇಶಿಕರು ಇಬ್ಬರಿಗೂ ಸಾವು ಎದುರಾಯಿತು. ಸಂಪ್ರದಾಯದ ಪ್ರಕಾರ ಲೋಕಾಚಾರ್ಯರು ಉತ್ಸವಮೂರ್ತಿಯನ್ನು ಹೊರಕ್ಕೆ ಸಾಗಿಸಿ ದಾರಿಯಲ್ಲೇ ದೇಹ ಬಿಟ್ಟರು. ದೇಶಿಕರು ರಾಮಾನುಜರ ಶ್ರೀಭಾಷ್ಯದ ವ್ಯಾಖ್ಯಾನವಾದ 'ಶ್ರುತಪ್ರಕಾಶಿಕೆ'ಯ ಹಸ್ತಪ್ರತಿಯೊಂದಿಗೆ ಹೆಣಗಳ ನಡುವೆ ಅಡಗಿ ಪಾರಾಗಿ, ಇಂದಿನ ಚಾಮರಾಜನಗರ ಜಿಲ್ಲೆಯ ಸತ್ಯಾಗಾಲಕ್ಕೆ ಬಂದರು. ಅಭಯವನ್ನೂ ಶ್ರೀರಂಗದ ಪುನರುದ್ಧಾರವನ್ನೂ ಬೇಡುವ 'ಅಭೀತಿಸ್ತವ'ವನ್ನು ರಚಿಸಿದ್ದು ಅಲ್ಲಿಯೇ ಎಂಬುದು ಪ್ರತೀತಿ.

ಇತರ ಪರಂಪರೆಗಳು: ಶಿವಲಿಂಗವನ್ನು ಅಪ್ಪಿದ ಮಾರ್ಕಂಡೇಯನ ಪುರಾಣಕಥೆಯಲ್ಲಿ ಶರಣಾಗತಿ ಯಮನನ್ನೇ ಹಿಮ್ಮೆಟ್ಟಿಸುತ್ತದೆ. ಮರಣವನ್ನು ಮಹಾನವಮಿಯ ಹಬ್ಬವೆಂದು ಕಂಡ ಕನ್ನಡ ನಾಡಿನ ಶಿವಶರಣರಲ್ಲಿ ಸಾವು ಲಿಂಗೈಕ್ಯ. ಪ್ರಪತ್ತಿ ಸಾವನ್ನು ತಡೆಯುವುದಿಲ್ಲ, ಹಬ್ಬವೆಂದೂ ಸಾರುವುದಿಲ್ಲ. ಅದರಾಚೆಗಿನ ಚಿಂತೆಯನ್ನು ಪ್ರಪನ್ನನ ಪಾಲಿನಿಂದ ತೆಗೆಯುತ್ತದೆ.