ಮಗುವಿಗೆ ಬೇರೆ ಕೋಣೆಯಲ್ಲಿ ಮಲಗುವ ಅಭ್ಯಾಸ: ಯಾವಾಗ, ಹೇಗೆ

ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಹಾಸಿಕೊಂಡು ಮಲಗುವ ಪದ್ಧತಿಯಲ್ಲಿ ಬೆಳೆದವರು ನಾವು. ಕಾಸರಗೋಡಿನ ಹೆಂಚಿನ ಮನೆಯ ಚಾವಡಿಯಲ್ಲಾಗಲಿ, ಬೇಸಗೆಯಲ್ಲಿ ಜತ್ತ, ಅಕ್ಕಲಕೋಟೆಗಳ ಮಾಳಿಗೆಯ ಮೇಲಾಗಲಿ ಮಗುವಿನ ಜಾಗ ತಾಯಿಯ ಅಥವಾ ಅಜ್ಜಿಯ ಮಗ್ಗುಲೇ ಆಗಿತ್ತು. ಮಗುವಿಗೆಂದೇ ಒಂದು ಕೋಣೆ ಎಂಬ ಕಲ್ಪನೆ ನಮ್ಮ ಮನೆಗಳಿಗೆ ಬಂದದ್ದು ಈಚೆಗೆ. ತಂಗಿಯೋ ತಮ್ಮನೋ ಹುಟ್ಟಿದಾಗ, ತಂದೆಗೆ ರಾತ್ರಿಪಾಳಿಯ ಕೆಲಸ ಬಿದ್ದಾಗ, ಹೊಸ ಮನೆ ಕಟ್ಟಿಸಿದಾಗ ‘ಇನ್ನು ಇವನು ತನ್ನ ಕೋಣೆಯಲ್ಲೇ ಮಲಗಲಿ’ ಎಂಬ ಮಾತು ಏಳುತ್ತದೆ. ಅದನ್ನು ನಡೆಸುವ ಬಗೆಯನ್ನೂ, ನಡೆಸುವಾಗ ಗಡಿನಾಡಿನ ಮನೆಗಳು ಕಳೆದುಕೊಳ್ಳಬಾರದ ಒಂದು ಸಂಗತಿಯನ್ನೂ ಇಲ್ಲಿ ವಿವರಿಸಿದ್ದೇವೆ.

ಎಷ್ಟನೆಯ ವಯಸ್ಸಿಗೆ?

ಇದಕ್ಕೆ ವೈದ್ಯಶಾಸ್ತ್ರ ನಿಗದಿಪಡಿಸಿದ ವಯಸ್ಸು ಎಂಬುದಿಲ್ಲ. ಹಸುಗೂಸನ್ನು ಬೇರೆ ಕೋಣೆಗೆ ಕಳುಹಿಸುವ ಆತುರವಂತೂ ಸಲ್ಲದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ತನ್ನ 2022ರ ಸೂಚನೆಗಳಲ್ಲಿ, ಮೊದಲ 6 ತಿಂಗಳಾದರೂ ಕೂಸು ಹೆತ್ತವರ ಕೋಣೆಯಲ್ಲೇ, ಆದರೆ ಪ್ರತ್ಯೇಕ ಹಾಸಿಗೆಯಲ್ಲಿ ಮಲಗಬೇಕೆಂದು ಹೇಳಿದೆ. ಮೂರು ನಾಲ್ಕು ವರ್ಷ ದಾಟಿದ ಮೇಲೆ ಇದು ಬಹುಮಟ್ಟಿಗೆ ಮನೆಯ ಅನುಕೂಲದ ಪ್ರಶ್ನೆ. ಆರೇಳು ವರ್ಷದವರೆಗೆ ತಾಯಿಯ ಮಗ್ಗುಲಲ್ಲಿ ಮಲಗಿದ ಮಗು ಪುಕ್ಕಲಾಗುತ್ತದೆ ಎಂಬ ಮಾತಿಗೆ ನಾವು ಬೆಲೆ ಕೊಡುವುದಿಲ್ಲ. ಅದು ನಿಜವಾಗಿದ್ದರೆ ನಮ್ಮ ಹಿಂದಿನ ತಲೆಮಾರುಗಳೆಲ್ಲ ಪುಕ್ಕಲಾಗಬೇಕಿತ್ತು.

ಎಲ್ಲಿ ಮಲಗುತ್ತದೆ ಎಂಬುದಕ್ಕಿಂತ ಎಷ್ಟು ಹೊತ್ತು ಮಲಗುತ್ತದೆ ಎಂಬುದು ಮುಖ್ಯ. 3ರಿಂದ 5 ವರ್ಷದ ಮಗುವಿಗೆ ಹಗಲುನಿದ್ರೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ಶಾಲೆಯ ಬಸ್ಸಿಗಾಗಿ ಬೆಳಿಗ್ಗೆ 6ಕ್ಕೆ ಏಳಬೇಕಾದ, ಹಗಲು ಮಲಗದ 5 ವರ್ಷದ ಮಗುವಿಗೆ ರಾತ್ರಿ 8ಕ್ಕಾದರೂ ನಿದ್ರೆ ಹತ್ತಿರಬೇಕು.

ಒಮ್ಮೆಲೇ ಬೇಡ

ರಾತ್ರಿಯಲ್ಲಿ ಹಲವು ಬಾರಿ ಅರೆ ಎಚ್ಚರವಾಗುವುದು ಎಲ್ಲರಿಗೂ ಸಹಜ. ದೊಡ್ಡವರು ಮಗ್ಗುಲು ಬದಲಿಸಿ ಮತ್ತೆ ನಿದ್ರೆಗೆ ಜಾರುತ್ತೇವೆ. ಮಗುವಾದರೋ ನಿದ್ರೆ ಹತ್ತುವಾಗ ತನ್ನ ಬಳಿ ಏನಿತ್ತೋ ಅದನ್ನೇ ಆಗ ಹುಡುಕುತ್ತದೆ. ತಾಯಿಯ ಕೈ ಬೆನ್ನು ತಟ್ಟುತ್ತಿದ್ದಾಗ ನಿದ್ರೆ ಹೋದ ಮಗುವಿಗೆ ನಡುರಾತ್ರಿಯೂ ಆ ಕೈಯೇ ಬೇಕು. ಆದ್ದರಿಂದ ಮಲಗಿದ ಮಗುವನ್ನು ಎತ್ತಿಕೊಂಡು ಹೋಗಿ ಅದರ ಕೋಣೆಯಲ್ಲಿ ಹಾಕಿ ಬರುವ ಉಪಾಯ ಫಲಿಸುವುದು ಅಪರೂಪ. ಎಚ್ಚರವಾದಾಗ ಮಗು ಬೇರೆಲ್ಲೋ ಇರುತ್ತದೆ. ಹೆದರದೆ ಏನು ಮಾಡೀತು?

ಕೋಣೆ ಮೊದಲು ಹಗಲಿನಲ್ಲಿ ಮಗುವಿನದಾಗಲಿ. ಆಟ, ಪುಸ್ತಕ, ಹಗಲುನಿದ್ರೆ ಅಲ್ಲೇ ನಡೆಯಲಿ. ಹಳೆಯ ಹೊದಿಕೆಯನ್ನೂ ದಿಂಬನ್ನೂ ಬದಲಿಸದೆ ಅಲ್ಲಿಗೆ ಒಯ್ಯಿರಿ. ಅಜ್ಜಿ ಹೊಲಿದ ಕೌದಿಯ ವಾಸನೆಗೆ ಅಂಗಡಿಯ ಹೊಸ ರಗ್ಗು ಸಾಟಿಯಲ್ಲ. ಬಳಿಕ ರಾತ್ರಿ ಮಗು ಎಚ್ಚರವಿರುವಾಗಲೇ ಅದನ್ನು ಮಲಗಿಸಿ ಹಾಸಿಗೆಯ ಪಕ್ಕ ಕುಳಿತುಕೊಳ್ಳಬೇಕು. ಕೆಲವು ದಿನಗಳ ಮೇಲೆ ಕುರ್ಚಿ ಕೋಣೆಯ ನಡುವಿಗೆ, ಆಮೇಲೆ ಬಾಗಿಲ ಬಳಿಗೆ, ಕೊನೆಗೆ ತೆರೆದ ಬಾಗಿಲಿನ ಹೊರಗೆ ಸರಿಯಲಿ. ಮಗು ಕರೆದರೆ ಹೋಗಿ, ಎರಡೇ ಮಾತಾಡಿ ಹಿಂತಿರುಗಿ. ನೀರು ಬೇಕು, ಮೂತ್ರಕ್ಕೆ ಬಂತು ಎಂದು ಮತ್ತೆ ಮತ್ತೆ ಎದ್ದು ಬರುವ ಮಗುವಿಗೆ ರಾತ್ರಿಗೊಂದು ಚೀಟಿ ಕೊಡುವ ಕ್ರಮವಿದೆ: ಅದನ್ನು ಒಪ್ಪಿಸಿ ಒಮ್ಮೆ ಹೊರಗೆ ಬರಬಹುದು, ಆಮೇಲೆ ಇಲ್ಲ. ನಡುರಾತ್ರಿ ನಿಮ್ಮ ಹಾಸಿಗೆಗೆ ಬಂದರೆ ಬೈಯದೆ, ಮಾತು ಬೆಳೆಸದೆ, ಕೈಹಿಡಿದು ಮರಳಿಸಿ. ಜ್ವರ ಬಂದ ದಿನಗಳಲ್ಲಿ ನಿಯಮವನ್ನು ಬದಿಗಿಡುವುದರಲ್ಲಿ ತಪ್ಪಿಲ್ಲ.

ಜೂನ್‌ನಲ್ಲಿ ಶಾಲೆ ತೆರೆಯುವಾಗಲೇ ಇದನ್ನು ಆರಂಭಿಸುವ ಮನೆಗಳಿವೆ. ಹೊಸ ತರಗತಿ, ಹೊಸ ಕೋಣೆ, ಕಾಸರಗೋಡಿನ ಕಡೆ ಗುಡುಗು ಮಳೆ, ಕೈಕೊಡುವ ಕರೆಂಟು, ಎಲ್ಲವೂ ಒಟ್ಟಿಗೆ ಮಗುವಿನ ಮೇಲೆ ಬೀಳಬಾರದು. ಅಲ್ಲಿ ಏಪ್ರಿಲ್‌ ರಜೆ ಒಳ್ಳೆಯದು. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಸೊಲ್ಲಾಪುರದ ಕಡೆಯವರಿಗೆ ದೀಪಾವಳಿ ರಜೆ.

ಗುಮ್ಮನನ್ನು ಕರೆದವರು ಯಾರು?

ಕತ್ತಲೆಯ ಭಯ ಎರಡು ಮೂರನೆಯ ವರ್ಷದಿಂದ ಕಾಣಿಸಿಕೊಳ್ಳುವುದು ಕಲ್ಪನಾಶಕ್ತಿ ಬೆಳೆಯುತ್ತಿರುವುದರ ಗುರುತು. ಆದರೆ ಊಟ ಮಾಡಿಸಲು ಸಂಜೆ ಗುಮ್ಮನನ್ನು ಕರೆದು, ರಾತ್ರಿ ‘ಗುಮ್ಮ ಇಲ್ಲ, ಮಲಗು’ ಎಂದರೆ ಮಗು ಯಾವ ಮಾತನ್ನು ನಂಬಬೇಕು? ಪುರಂದರದಾಸರ ಕೀರ್ತನೆಯಲ್ಲಿ ಬಾಲಕೃಷ್ಣನೇ ಗುಮ್ಮನಿಗೆ ಹೆದರುತ್ತಾನೆ. ನಮ್ಮ ಮಕ್ಕಳ ಪಾಡೇನು! ಮಂದವಾದ ಒಂದು ದೀಪ, ಕರೆಂಟು ಹೋದರೆ ಕೈಗೆಟಕುವಂತೆ ಒಂದು ಸಣ್ಣ ಟಾರ್ಚು, ಇಷ್ಟು ಸಾಕು.

ನಿದ್ರೆ ಹತ್ತಿದ ಒಂದೆರಡು ಗಂಟೆಗಳಲ್ಲಿ ಮಗು ಚೀರುತ್ತ ಎದ್ದು ಕುಳಿತು, ಯಾರನ್ನೂ ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲ ಎಂದರೆ ಅದು ಗಾಢನಿದ್ರೆಯ ಗಾಬರಿ. ಎಬ್ಬಿಸಬೇಡಿ, ಬೀಳದಂತೆ ನೋಡಿಕೊಳ್ಳಿ. ಬೆಳಗಿನ ಜಾವದ ಕೆಟ್ಟ ಕನಸು ಬೇರೆ. ಅದು ನೆನಪಿರುತ್ತದೆ, ಅದಕ್ಕೆ ಅಪ್ಪುಗೆ ಬೇಕು.

ಆ ಅರ್ಧ ಗಂಟೆ

ಗಡಿಯಾಚೆಯ ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿದರೂ ಬಸ್ಸು, ಅಂಗಡಿ, ಆಟದ ಬಯಲುಗಳಲ್ಲಿ ಹಗಲೆಲ್ಲ ಮಲಯಾಳ, ಮರಾಠಿ, ತಮಿಳು, ತೆಲುಗುಗಳನ್ನು ಕೇಳುತ್ತಾರೆ. ಅನೇಕ ಮನೆಗಳಲ್ಲಿ ಅವಸರವಿಲ್ಲದ ಕನ್ನಡ ಮಗುವಿನ ಕಿವಿಗೆ ಬೀಳುವುದು ಮಲಗುವ ಹೊತ್ತಿನ ಕಥೆಯಲ್ಲಿ, ಅಜ್ಜಿಯ ಜೋಗುಳದಲ್ಲಿ. ಕೋಣೆ ಬೇರೆಯಾದಾಗ ಮೊದಲು ತಪ್ಪಿಹೋಗುವುದು ಇದೇ. ಸುಮ್ಮನಿರಲೆಂದು ಕೈಗೆ ಮೊಬೈಲು ಕೊಟ್ಟರಂತೂ ಕಥೆಯೂ ಹೋಯಿತು, ನಿದ್ರೆಯೂ ಹೋಯಿತು. ಮಲಗುವ ಒಂದು ಗಂಟೆ ಮೊದಲೇ ಪರದೆಗಳು ಆರಬೇಕು. ಹಾಸಿಗೆ ಬೇರೆಯಾಗಲಿ, ಕಥೆ ಮಗುವಿನ ಕೋಣೆಗೆ ಹೋಗಲಿ. ದಿನವೂ ಅದೇ ಹೊತ್ತಿಗೆ ಬರುವ ಕಥೆ ನಿದ್ರೆಗೂ ಕರೆಗಂಟೆಯಾಗುತ್ತದೆ. ಕಥೆ ಮುಗಿದ ಮೇಲೆ ಅಜ್ಜಿ ಎದ್ದು ಬರಬೇಕು ಎಂಬುದೊಂದೇ ಕಟ್ಟಳೆ. ಅಜ್ಜಿಯೇ ಮೊದಲು ಗೊರಕೆ ಹೊಡೆದರೆ ನಮ್ಮ ಬಳಿ ಉಪಾಯವಿಲ್ಲ.

ಕೋಣೆಯ ಎಚ್ಚರಿಕೆಗಳು

ನೀಲಗಿರಿಯ ಚಳಿಯಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಡಬಾರದು. ಅದರಿಂದ ಹೊರಡುವ ಕಾರ್ಬನ್‌ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಸೊಳ್ಳೆಬತ್ತಿಗಿಂತ ಪರದೆ ಮೇಲು. ಒಳಗಿನ ಚಿಲಕ ಮಗುವಿನ ಕೈಗೆ ಎಟಕದಿರಲಿ, ಕಪಾಟು ಗೋಡೆಗೆ ಭದ್ರವಾಗಿರಲಿ.

ಪ್ರತಿ ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗುವ ಮಗುವನ್ನೂ, 6 ತಿಂಗಳಿಗೂ ಹೆಚ್ಚು ಕಾಲ ಒಣಗಿದ್ದ ಹಾಸಿಗೆಯನ್ನು ಮತ್ತೆ ಒದ್ದೆ ಮಾಡತೊಡಗಿದ ಮಗುವನ್ನೂ ವೈದ್ಯರಿಗೆ ತೋರಿಸಬೇಕು. ವೈದ್ಯರಿಗೆ ಕನ್ನಡ ಬಾರದಿರಬಹುದು. ಒಂದು ವಾರ ಮಗು ಮಲಗಿದ, ಎದ್ದ, ಎಚ್ಚರಗೊಂಡ ಹೊತ್ತುಗಳನ್ನು ಅಂಕಿಗಳಲ್ಲಿ ಬರೆದುಕೊಂಡು ಹೋಗಿ. ಮಗು ತನ್ನ ಭಯವನ್ನು ಕನ್ನಡದಲ್ಲೇ ಹೇಳಲಿ, ಅದನ್ನು ತಿಳಿಸಿ ಹೇಳಬಲ್ಲ ಒಬ್ಬರು ಜೊತೆಗಿರಲಿ.