ದುರ್ಗದ ಗುಡ್ಡದ ಹಾದಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ, ಆ ಎರಡು ಊರುಗಳ ನಡುವೆ, ಎರೆಯ ಬಯಲಿನಿಂದ ಮೇಲೆದ್ದು ನಿಂತ ಕಲ್ಲುಗುಡ್ಡಗಳ ಬುಡದಲ್ಲಿ ಮಸ್ಕಿ ಎಂಬ ಊರಿರುವುದು. ರಾಯಚೂರು ಜಿಲ್ಲೆಯ ಈ ಊರು ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಒಳಪಟ್ಟಿದ್ದು, ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿಯುಂಟು. ನಮ್ಮ ಜನರು ಬೆಟ್ಟ ಹತ್ತುವುದು ಸಾಮಾನ್ಯವಾಗಿ ಎರಡು ಕಾರಣಗಳಿಂದ: ಒಂದು ದೇವರ ದರ್ಶನ, ಇನ್ನೊಂದು ನಾಡಿನ ದರ್ಶನ. ಮಸ್ಕಿಯಲ್ಲಿ ಎರಡೂ ದೊರೆಯುವುವು. ಆದರೆ ಚರಿತ್ರೆಯನ್ನು ಬಲ್ಲವನಿಗೆ ಅಲ್ಲಿ ಮೂರನೆಯದೊಂದು ಕಾದಿದೆ; ಅದು ತುದಿಯಲ್ಲಿಲ್ಲ, ಇಳಿಜಾರಿನಲ್ಲಿದೆ.

ಈ ಸಾಲಿನ ಒಂದು ಗುಡ್ಡಕ್ಕೆ ದುರ್ಗದ ಗುಡ್ಡವೆಂದು ಹೆಸರು. ಅಲ್ಲಿ ಗುಹೆಯಂತೆ ಕವಿದುಕೊಂಡ ಬಂಡೆಗಳ ಮರೆಯಲ್ಲಿ ಒಂದು ಕಲ್ಲಿನ ಮೇಲೆ ಬ್ರಾಹ್ಮೀ ಲಿಪಿಯ ಎಂಟು ಸಾಲುಗಳು ಕೆತ್ತಲ್ಪಟ್ಟಿವೆ, ಭಾಷೆ ಪ್ರಾಕೃತ. ಅಲ್ಲಲ್ಲಿ ಅಕ್ಷರಗಳು ಸವೆದುಹೋಗಿವೆ. ಎಷ್ಟೋ ತಲೆಮಾರುಗಳ ಜನ ಇದರ ಮಗ್ಗುಲಲ್ಲಿಯೇ ಹಾದುಹೋಗಿರಬೇಕು. ಓದುವವರು ಮಾತ್ರ ಇರಲಿಲ್ಲ. ೧೯೧೫ರ ಜನವರಿಯಲ್ಲಿ ಬೀಡನ್ ಎಂಬ ಆಂಗ್ಲ ಎಂಜಿನಿಯರು ಚಿನ್ನದ ನಿಕ್ಷೇಪಗಳನ್ನು ಅರಸುತ್ತ ಈ ಕಡೆ ಬಂದಾಗ ಈ ಬರಹ ಅವನ ಕಣ್ಣಿಗೆ ಬಿತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಸಂಚಿಕೆಯಾಗಿ ಅದು ಪ್ರಕಟವಾಯಿತು.

ಇದರ ಮಹತ್ತ್ವವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದಾಗ ಉತ್ತರದ ಬಂಡೆಗಳಲ್ಲಿಯೂ ಕಂಬಗಳಲ್ಲಿಯೂ ಕಂಡ ಹೆಸರು ಒಂದೇ: ದೇವಾನಂಪಿಯ ಪಿಯದಸಿ. ದೇವರಿಗೆ ಪ್ರಿಯನೂ ಪ್ರಿಯದರ್ಶಿಯೂ ಆದ ಈ ರಾಜನು ಯಾರು? ಸಿಂಹಳದ ಪಾಲಿ ವೃತ್ತಾಂತಗಳನ್ನು ನೋಡಿ ಜಾರ್ಜ್ ಟರ್ನರ್ ಎಂಬ ವಿದ್ವಾಂಸನು, ಇವನು ಮೌರ್ಯವಂಶದ ಅಶೋಕನೇ ಎಂದು ಗುರುತಿಸಿದನು. ವಿದ್ವತ್ಪ್ರಪಂಚವು ಅದನ್ನು ಒಪ್ಪಿತು. ಆದರೂ ರಾಜನ ಕಲ್ಲು ಒಂದನ್ನು ಹೇಳುತ್ತಿತ್ತು, ಸಿಂಹಳದ ಗ್ರಂಥ ಇನ್ನೊಂದನ್ನು ಹೇಳುತ್ತಿತ್ತು. ಎರಡನ್ನೂ ಜೋಡಿಸುವ ಸಾಕ್ಷಿ ಇರಲಿಲ್ಲ. ೭೮ ವರ್ಷಗಳ ತರುವಾಯ ಆ ಸಾಕ್ಷಿ ಮಸ್ಕಿಯಲ್ಲಿ ದೊರೆಯಿತು. ಇಲ್ಲಿಯ ಶಾಸನವು ‘ದೇವಾನಂಪಿಯಸ ಅಸೋಕಸ’ ಎಂದೇ ಮೊದಲಾಗುವುದು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಇಲ್ಲಿಗೆ ದೂರವಲ್ಲದ, ತುಂಗಭದ್ರೆಯ ಆಚೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಅಶೋಕನ ಹೆಸರುಳ್ಳ ಶಾಸನಗಳು ಬೆಳಕಿಗೆ ಬಂದವು. ಆದರೆ ಮೊದಲು ಹೆಸರು ಹೇಳಿದ್ದು ಮಸ್ಕಿಯ ಬಂಡೆ.

ಪಾಟಲಿಪುತ್ರದಲ್ಲಿದ್ದ ಚಕ್ರವರ್ತಿಗೆ ಅಷ್ಟು ದೂರದ ಈ ಗುಡ್ಡವೇಕೆ ಬೇಕಾಯಿತು? ಈ ಪ್ರಶ್ನೆಗೆ ಉತ್ತರ ಬೇಕಾದವರು ಬಂಡೆಯನ್ನು ಬಿಟ್ಟು ಮೇಲಕ್ಕೆ ಹತ್ತಬೇಕು. ಹಾದಿ ಕಡಿದು, ಬಿಸಿಲಿಗೆ ಕಲ್ಲು ಕಾಯುವ ಮೊದಲೇ ಹತ್ತುವುದು ಲೇಸು. ಮೇಲೆ ನಿಂತರೆ ಸುತ್ತಲೂ ಬಯಲು. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಅವು ಕಣ್ಣಿಗೆ ಬೀಳದಿದ್ದರೂ ಅವೆರಡರ ನಡುವಣ ದೋಆಬಿನ ಹರಹು ಇಲ್ಲಿ ಮನಸ್ಸಿಗೆ ಬರುವುದು. ಊರ ಬದಿಯ ಮಸ್ಕಿ ಹಳ್ಳವು ತುಂಗಭದ್ರೆಯ ಕಡೆಗೆ ಸಾಗಿದೆ. ಆಗ್ನೇಯಕ್ಕೆ ಸಿಂಧನೂರಿನ ಸೀಮೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ನಾಡು ಅಲ್ಲಿ ಬತ್ತದ ನಾಡಾಯಿತು. ವಾಯವ್ಯಕ್ಕೆ ಲಿಂಗಸುಗೂರು, ಪಡುವಣಕ್ಕೆ, ವಿಜಯನಗರದವರೂ ಬಹಮನಿಗಳೂ ಕಾದಾಡಿದ ಮುದಗಲ್ಲು. ನೇರ ಬಡಗಣಕ್ಕೆ ಹಟ್ಟಿ.

ಹಟ್ಟಿಯ ಹೆಸರಿನಲ್ಲಿಯೇ ಉತ್ತರವಿದೆ. ಇಂದಿಗೂ ಚಿನ್ನ ತೆಗೆಯುತ್ತಿರುವ ಆ ಗಣಿಯಲ್ಲಿ ಹಳಬರ ಕಾಮಗಾರಿಗಳು ಆರುನೂರು ಅಡಿಗಳಷ್ಟು ಆಳಕ್ಕೆ ಇಳಿದಿದ್ದವೆಂದು ಗಣಿಯವರು ಕಂಡರು. ಅಲ್ಲಿ ಉಳಿದಿದ್ದ ಮರದ ತುಂಡುಗಳ ವಯಸ್ಸು ಸುಮಾರು ೨೦೦೦ ವರ್ಷಗಳೆಂದು ವಿಜ್ಞಾನಿಗಳು ಎಣಿಸಿದ್ದಾರೆ. ಯಂತ್ರಗಳಿಲ್ಲದ ಆ ಕಾಲದಲ್ಲಿ ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಬಿರಿಯುವಂತೆ ಮಾಡಿ, ಒಡೆದು ತೆಗೆಯುತ್ತಿದ್ದರು. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ ಮತ್ತು ಮಹಾಮಾತ್ರರ ಆಜ್ಞೆಯಿಂದ ಹೊರಟದ್ದು. ಆ ಸುವರ್ಣಗಿರಿ ಮಸ್ಕಿಯೇ ಎಂದು ಕೆಲವರು, ಕನಕಗಿರಿ ಎಂದು ಕೆಲವರು, ಆಂಧ್ರದ ಜೊನ್ನಗಿರಿ ಎಂದು ಮತ್ತೆ ಕೆಲವರು ವಾದಿಸಿರುವರು. ವಾದವು ಹೇಗೇ ಇರಲಿ, ಮೌರ್ಯರ ದೃಷ್ಟಿ ಈ ಕಡೆ ಹರಿದುದಕ್ಕೆ ಹೊನ್ನು ಬಲವಾದ ಕಾರಣವೆಂಬುದರಲ್ಲಿ ವಿದ್ವಾಂಸರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಮೌರ್ಯರು ಬಂದಾಗ ಈ ನೆಲ ಬರಿದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಯ ಪ್ರಾಚೀನ ಅವಶೇಷಗಳನ್ನು ಗಮನಿಸಿದ್ದನು. ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಅಗೆತದಿಂದ, ಕಲ್ಲಿನ ಆಯುಧಗಳನ್ನು ಬಳಸುತ್ತ ತಾಮ್ರವನ್ನೂ ಅರಿತಿದ್ದ ಜನ, ಆಮೇಲೆ ಬೃಹತ್ ಶಿಲಾಸಮಾಧಿಗಳ ಜನ, ಅವರ ತರುವಾಯ ಚಾರಿತ್ರಿಕ ಯುಗದವರು, ಹೀಗೆ ಒಬ್ಬರ ಮೇಲೊಬ್ಬರು ಇಲ್ಲಿ ಬಾಳಿದುದು ಸ್ಪಷ್ಟವಾಯಿತು. ಚಾಳುಕ್ಯರ ಕಾಲದ ಶಾಸನಗಳು ಈ ಊರನ್ನು ಮೊಸಂಗಿ ಎನ್ನುತ್ತವೆ. ಚೋಳ ರಾಜೇಂದ್ರನು ಜಯಸಿಂಹನನ್ನು ಸೋಲಿಸಿದೆನೆಂದು ಹೇಳಿಕೊಂಡ ಮುಸಂಗಿ ಇದೇ ಎಂದು ಹಲವರ ಮತ.

ಹೀಗೆ ಹೊನ್ನಿಗಾಗಿ, ನೆಲಕ್ಕಾಗಿ ಅರಸರು ಬಂದುಹೋದ ಈ ಎಡೆಯಲ್ಲಿ ಅಶೋಕನು ಹೇಳಿಸಿದ ಮಾತೇನು? ಗೆಲುವಿನ ಸುದ್ದಿಯಲ್ಲ, ತೆರಿಗೆಯ ಕಟ್ಟಳೆಯಲ್ಲ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೀರಿತೆಂದು ಅವನು ತಿಳಿಸುವನು. ಧರ್ಮದಲ್ಲಿ ತೊಡಗಿದರೆ ಕಿರಿಯನಾದವನೂ ಈ ಗುರಿಯನ್ನು ಮುಟ್ಟಬಲ್ಲನು. ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ಯಾರೂ ಭಾವಿಸಬಾರದು. ಇದನ್ನು ಕಿರಿಯರಿಗೂ ಹಿರಿಯರಿಗೂ ತಿಳಿಸಬೇಕು: ಇದು ಶಾಸನದ ತಾತ್ಪರ್ಯ. ಬೇರೆ ಕಡೆಯ ಪ್ರತಿಗಳು ಇದನ್ನು ಪದವಿಯ ಫಲವಲ್ಲ, ಪ್ರಯತ್ನದ ಫಲವೆಂದು ಬಿಡಿಸಿ ಹೇಳುತ್ತವೆ. ಬೆಂಕಿಯ ಹೊಗೆಯಲ್ಲಿ ಕಲ್ಲೊಡೆಯುತ್ತಿದ್ದವನೂ ಕಿರಿಯನೆಂಬ ಆ ಮಾತಿನೊಳಗೆ ಬರುವನು. ಆತನ ದುಡಿಮೆಯ ಹೊನ್ನನ್ನು ಪಡೆದ ಪ್ರಭುತ್ವವೇ ಆತನಿಗೂ ಒಂದು ಮೇಲ್ಮೆ ಸಾಧ್ಯವೆಂದು ಸಾರಿತು. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನೆಯದೆ ಅಶೋಕನನ್ನು ಬರಿದೆ ಹೊಗಳಿದರೆ ಚರಿತ್ರೆ ಅರ್ಧವಾಗುವುದು. ಬರಿದೆ ತೆಗಳಿದರೂ ಅರ್ಧವೇ.

ಶ್ರೋತೃಗಳಲ್ಲಿ ಅನೇಕರು ಹಂಪೆಯನ್ನೂ ಬಾದಾಮಿಯನ್ನೂ ಕಂಡವರು. ಒಂದು ದಿನವನ್ನು ಮಸ್ಕಿಗೂ ಮೀಸಲಿಡಬೇಕೆಂದು ನಮ್ಮ ಬಿನ್ನಹ. ನಮ್ಮ ಬೆಟ್ಟಗಳ ಬಂಡೆಗಳ ಮೇಲೆ ಬಂದುಹೋದವರು ಸುಣ್ಣದಿಂದಲೂ ಮೊಳೆಯಿಂದಲೂ ತಂತಮ್ಮ ಹೆಸರುಗಳನ್ನು ಗೀಚಿರುವುದನ್ನು ಎಲ್ಲಿ ನೋಡಿದರೂ ಕಾಣಬಹುದು. ಅಷ್ಟು ದೊಡ್ಡ ರಾಜ್ಯವನ್ನು ಆಳಿದವನು ಹತ್ತಾರು ಬಂಡೆಗಳಲ್ಲಿ ಬಿರುದನ್ನಷ್ಟೇ ಬರೆಯಿಸಿ, ಸ್ವಂತ ಹೆಸರನ್ನು ಬೆರಳೆಣಿಕೆಯ ಕಡೆಗಳಲ್ಲಿ ಮಾತ್ರ ಬಿಟ್ಟುಹೋದನು. ಆ ಹೆಸರುಳ್ಳ ಕಲ್ಲು ಈಗ ನಮ್ಮೆಲ್ಲರ ವಶದಲ್ಲಿದೆ. ಅದನ್ನು ಮುಟ್ಟದೆ ಓದಿ, ಮೇಲೆ ಹತ್ತಿ ನಾಡನ್ನು ನೋಡಿ, ಬರಿಗೈಯಲ್ಲಿ ಇಳಿದು ಬರುವುದೇ ಅಲ್ಲಿಗೆ ಹೋದವರು ಮಾಡಬೇಕಾದ ಕೆಲಸ.