ಕರಿಮೆಣಸೂ ಕೆಂಪು ಮೆಣಸಿನಕಾಯಿಯೂ

1914ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಲಾಹೋರ್ ಮತ್ತು ಮೀರತ್ ಡಿವಿಜನ್ನುಗಳ ಸಿಪಾಯಿಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದರು. ಪಂಜಾಬು, ಗಢವಾಲ, ನೇಪಾಳ, ವಾಯವ್ಯ ಗಡಿನಾಡುಗಳ ರೈತರ ಮಕ್ಕಳೇ ಅವರಲ್ಲಿ ಹೆಚ್ಚು. ಓದುಬರಹ ಬಲ್ಲವರು ಕಡಮೆ. ಮನೆಗೆ ಕಾಗದ ಹಾಕಬೇಕಾದರೆ ಅಕ್ಷರ ಬಲ್ಲ ಸಂಗಡಿಗನಿಂದ ಬರೆಯಿಸಬೇಕು. ಊರಿನಲ್ಲಿ ಅದನ್ನು ಇನ್ನೊಬ್ಬ ಓದಿ ಹೇಳಬೇಕು. ನಡುವೆ ಸರ್ಕಾರದ ಕಣ್ಣು ಬೇರೆ. ಕ್ಯಾಪ್ಟನ್ ಹೊವೆಲ್ ಎಂಬ ಅಧಿಕಾರಿಯ ಕೈಕೆಳಗಿನ ಸೆನ್ಸಾರ್ ಕಚೇರಿ ಇವುಗಳನ್ನು ಒಡೆದು ಓದಿ, ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ಇಳಿಸುತ್ತಿತ್ತು. ಆ ತರ್ಜುಮೆಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕದ್ದು ಓದಿದವರೇ ಕಾಪಾಡಿಕೊಟ್ಟಂತಾಯಿತು!

ಫಿರಂಗಿಯ ಹೊಡೆತವನ್ನು ಕಂಡರಿಯದ ತಾಯಿಗೆ ಅದನ್ನು ತಿಳಿಸುವುದು ಹೇಗೆ? ಗುಂಡುಗಳು ಮಳೆಗಾಲದ ಮಳೆಯಾದವು. ಹೆಣಗಳು ಕೊಯ್ದು ಹಾಕಿದ ಪೈರಿನ ಸಿವುಡುಗಳಾದವು. ತಾವು ಕಟುಕನ ಗೂಟಕ್ಕೆ ಕಟ್ಟಿದ ಆಡುಗಳೆಂದು ಒಬ್ಬ ಬರೆಯಿಸಿದ. ಇದು ಮಹಾಭಾರತದ ಯುದ್ಧವೇ ಎಂದು ಇನ್ನೊಬ್ಬ. ಇವನ್ನು ಬರಿಯ ಅಲಂಕಾರವೆನ್ನಲು ನನಗೆ ಮನಸ್ಸು ಬಾರದು. ರೈತನಿಗೆ ವರ್ಷದಲ್ಲೆಲ್ಲ ಕಣ್ಣು ತಣಿಸುವ ನೋಟವೆಂದರೆ ಕೊಯ್ದ ಹೊಲ. ಆ ನೋಟವನ್ನೇ ಸತ್ತವರಿಗಾಗಿ ತೆಗೆದು ಕೊಡಬೇಕಾಯಿತೆಂದರೆ ಅವನು ಕಂಡದ್ದು ಎಂಥದಿರಬೇಕು! ನಮ್ಮಲ್ಲಿಯೂ ರಾಗಿ ತುಳಿಸುವ ಜಾಗ ಕಣವೇ, ಕಾಳಗದ ಜಾಗವೂ ಕಣವೇ.

ಕೆಲವು ಮಾತುಗಳನ್ನು ಮುಚ್ಚಿಯೇ ಹೇಳಬೇಕಿತ್ತು. ಹಿಂದೂಸ್ತಾನದಿಂದ ತಂದ ಕರಿಮೆಣಸು ತೀರುತ್ತ ಬಂದಿದೆ, ಕೆಂಪು ಮೆಣಸಿನಕಾಯಿಯನ್ನು ಅಷ್ಟಾಗಿ ಬಳಸುತ್ತಿಲ್ಲ ಎಂದು ಬರೆದರೆ ಅದು ಅಡಿಗೆಮನೆಯ ಸುದ್ದಿಯಲ್ಲ. ಕರಿಮೆಣಸೆಂದರೆ ನಮ್ಮವರು, ಕೆಂಪು ಮೆಣಸಿನಕಾಯಿಯೆಂದರೆ ಬಿಳಿಯರು. ಸೆನ್ಸಾರಿನವರಿಗೆ ಈ ಗುಟ್ಟು ತಿಳಿಯಲು ಬಹಳ ಕಷ್ಟವಾಗಲಿಲ್ಲ.

1915ರ ಮಾರ್ಚಿಯಲ್ಲಿ ನ್ಯೂವ್ ಶಾಪೆಲ್ ಕಾಳಗವಾಯಿತು; ಆ ವರ್ಷದ ಕೊನೆಗೆ ಕಾಲಾಳುಗಳನ್ನು ಫ್ರಾನ್ಸಿನಿಂದ ಮೆಸೊಪೊಟೇಮಿಯಾ ಕಡೆಗೆ ಸಾಗಿಸಿದರು.

ಈ ಸಿಪಾಯಿಯನ್ನು ಕಾದಂಬರಿಗೆ ತಂದವರು ಮುಲ್ಕ್ ರಾಜ್ ಆನಂದ್. ಅವರ ತಂದೆ ಸೈನ್ಯದಲ್ಲಿದ್ದವರು. ‘ಅಕ್ರಾಸ್ ದಿ ಬ್ಲ್ಯಾಕ್ ವಾಟರ್ಸ್’ ಎಂಬ ಹೆಸರಿನಲ್ಲಿಯೇ ನಮ್ಮ ಕರಿನೀರಿನ ಭಯವಿದೆ. ಪಂಜಾಬಿನ ಗಾದೆ, ಬೈಗುಳಗಳನ್ನು ಅವರು ಇಂಗ್ಲಿಷಿಗೆ ಹಾಗೆಹಾಗೆಯೇ ಎತ್ತಿಟ್ಟರು. ಕೆಲವೆಡೆ ಅದು ಕಿವಿಗೆ ಒರಟಾಗಿ ಕೇಳುತ್ತದೆ, ನಿಜ. ಆದರೆ ಸಿಪಾಯಿಯ ಕಾಗದವೂ ಇಂಗ್ಲಿಷಿನ ಬಟ್ಟೆಯಲ್ಲಿಯೇ ನಮಗೆ ಸಿಕ್ಕಿರುವುದನ್ನು ನೆನೆದರೆ ಆ ಒರಟುತನ ಸಲ್ಲುವಂಥದೇ.

ನನ್ನ ಮೆಚ್ಚಿಗೆ ಮಾತ್ರ ಒಂದು ಸಣ್ಣ ಕಥೆಗೆ ಹೆಚ್ಚು. ಚಂದ್ರಧರ ಶರ್ಮಾ ಗುಲೇರಿಯವರ ‘ಉಸ್ನೇ ಕಹಾ ಥಾ’ 1915ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಹಿಂದಿಯಲ್ಲಿ ಪ್ರಕಟವಾಯಿತು. ಗಾಯಗೊಂಡ ಲಹನಾ ಸಿಂಗನ ಮನಸ್ಸು ಸಾಯುವ ಹೊತ್ತಿಗೆ ಕಂದಕವನ್ನು ಬಿಟ್ಟು ಊರಿನ ಮಾವಿನ ಮರದ ಕೆಳಗೆ ಹೋಗಿಬಿಡುತ್ತದೆ. ಅದಾದಮೇಲೆ ಗುಲೇರಿ ಪತ್ರಿಕೆಯ ಒಂದು ಸುದ್ದಿಯನ್ನು ಕೊಡುತ್ತಾರೆ: ಪಡೆ ಯಾವುದು, ಹೆಸರೇನು, ಗಾಯಗಳಿಂದ ಸತ್ತ ಎಂಬಷ್ಟೇ. ಅದರಲ್ಲಿ ಒಂದು ಉಪಮೆಯೂ ಇಲ್ಲ.